ಬಾಗಿಲಿಲ್ಲದ ಬಂಗಲೆ

ನಾನು ಚಿಕ್ಕವನಿದ್ದಾಗಲೂ ಚಿಂತೆ ಮಾಡುವುದರಲ್ಲಿ ದೊಡ್ಡವನೇ. ಮೋಡ ಕಂಡರೆ ಮಾಳಿಗೆ ಸೋರುತ್ತದೆಂದು ಚಿಂತೆ, ಮೋಡ ಚದುರಿದರೆ ಬಾವಿ ಬತ್ತುತ್ತದೆಂದು ಚಿಂತೆ. ಏಳನೆಯ ವಯಸ್ಸಿನಲ್ಲಿ ಮಾತ್ರ ಒಂದು ನಿಜವಾದ ಚಿಂತೆ ಸಿಕ್ಕಿತು: ಅಕ್ಕನ ಮದುವೆ. ಬಸವಕಲ್ಯಾಣದಿಂದ ಅವಳನ್ನು ಹುಮನಾಬಾದಿಗೆ ಕೊಟ್ಟಿದ್ದರು. ಬಸ್ಸಿನಲ್ಲಿ ಒಂದು ತಾಸಿನ ದಾರಿ. ನನಗೆ ಅದು ಸಮುದ್ರದಾಚೆ. ಅವ್ವ ಇಲ್ಲದ ನನಗೆ ತುತ್ತು ಕಲಸಿ ಕೊಡುತ್ತಿದ್ದವಳು ಅವಳೇ.

ನಮ್ಮ ಕಡೆ ಮದುವೆಯ ದಿನ ಚಪ್ಪರದಲ್ಲಿ ರುಖವತ ಇಡುತ್ತಾರೆ. ಅಂದರೆ ಮದುಮಗಳು ಕೈಯಾರೆ ಸಿಂಗರಿಸಿದ ವಸ್ತುಗಳನ್ನು ಸಾಲಾಗಿ ಜೋಡಿಸುವುದು. ಬೀಗರ ಹೆಂಗಸರು ನೋಡಿ, ಮೆಚ್ಚಿ, ಒಂದೆರಡು ಮಾತು ಚುಚ್ಚಿ ನಗುತ್ತಾರೆ. ಅಕ್ಕನ ರುಖವತಕ್ಕೆಂದು ಬಡಗಿಯಾದ ಅಪ್ಪ ಒಂದು ಗೊಂಬೆಮನೆ ಮಾಡಿಕೊಟ್ಟ. ನಿಜಾಮರ ಕಾಲದ ಸಾಹೇಬರೊಬ್ಬರು ವಿಲಾಯತಿ ಧಾಟಿಯಲ್ಲಿ ಕಟ್ಟಿಸಿದ್ದ ಬಂಗಲೆಗೆ ಕಿಟಕಿ ರಿಪೇರಿ ಮಾಡಲು ಹೋದಾಗ, ಅಪ್ಪ ಅದನ್ನು ಕಣ್ಣಲ್ಲೇ ಅಳೆದು ತಂದಿದ್ದ. ಚೂಪಾದ ಮಾಡು, ಕಮಾನಿನ ಕಿಟಕಿ, ಹೊಗೆ ಹೋಗಲು ಗೂಡು.

ಒಳಗಿನ ಅಲಂಕಾರವೆಲ್ಲ ಅಕ್ಕನದು. ಹಳೆಯ ಲಗ್ನಪತ್ರಿಕೆಗಳ ಹೂಬಳ್ಳಿ ಕತ್ತರಿಸಿ ಮೈದಾ ಅಂಟಿನಿಂದ ಗೋಡೆಗೆ ಹಚ್ಚಿದಳು. ಕಡ್ಡಿಪೆಟ್ಟಿಗೆಗಳು ಅಲಮಾರಿಯಾದವು, ಹರಿದ ಸೀರೆಯ ಜರಿ ಪರದೆಯಾಯಿತು. ಕಿಟಕಿಗೆ ಒಡೆದ ಬಳೆಯ ಚೂರು ಕೂರಿಸಿದಳು. ಬಿಸಿಲು ಬಿದ್ದರೆ ಆ ಪುಟ್ಟ ನೆಲದ ಮೇಲೆ ಹಸಿರು, ಕೆಂಪು ಚುಕ್ಕೆಗಳು ಓಡಾಡುತ್ತಿದ್ದವು. ಕಡೆಗೆ ಅಪ್ಪ ಸಾಗುವಾನಿಯ ಬಾಗಿಲು ಕೂರಿಸಿದ. ಎರಡು ಬೆರಳಗಲ, ಕೀಲಿನ ಜಾಗದಲ್ಲಿ ಒಂದು ಗುಂಡುಸೂಜಿ.

ಮದುವೆಯ ಬೆಳಿಗ್ಗೆ ಚಪ್ಪರದಲ್ಲಿ ಪಕ್ಕದ ಮನೆಯ ಅಜ್ಜಿ ನಗೆಯಾಡಿದಳು. “ರುಖವತ ಪೂರಾ ಇರಬೇಕ್ರೆವ್ವಾ, ಇಲ್ಲಂದ್ರ ಬೀಗರು ಹೆಣ್ಣ ಇಲ್ಲೇ ಬಿಟ್ಟು ಹೋಗ್ತಾರ!”

ನನ್ನ ಚಿಂತೆಗೆ ಔಷಧ ಸಿಕ್ಕಿತು. ಯಾರೂ ನೋಡದಾಗ ಸೂಜಿ ಎಳೆದು, ಬಾಗಿಲನ್ನು ಚಡ್ಡಿಯ ಜೇಬಿಗೆ ಸೇರಿಸಿದೆ.

ಬೀಗರು ಬಂದರು. ಮದುಮಗನ ಸೋದರತ್ತೆ ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದಳು. “ಏನ್ರಿ ಬೀಗ್ರ, ಬಡಿಗ್ಯಾರ ಮನ್ಯಾಗ ಬಾಗಿಲಕ್ಕ ಬರ ಬಂತೇನು?”

ಎಲ್ಲರೂ ಗೊಳ್ಳೆಂದರು. ಅಪ್ಪ ನಗಲಿಲ್ಲ. ಮೊಣಕಾಲೂರಿ ಮೇಜಿನ ಕೆಳಗೆ ಬಾಗಿಲು ಹುಡುಕತೊಡಗಿದ. ಹೊಸ ರುಮಾಲು ಜಾರಿ ಮಣ್ಣಿಗೆ ಬಿತ್ತು. ಜೇಬಿನಲ್ಲಿದ್ದ ಬಾಗಿಲು ನನ್ನ ತೊಡೆ ಸುಡುತ್ತಿತ್ತು.

ಅಕ್ಕ ಜೇಬನ್ನು ಒತ್ತಿ ಹಿಡಿದ ನನ್ನ ಕೈ ನೋಡಿದಳು. ಮತ್ತೆ ತಲೆ ತಗ್ಗಿಸಿ ಹೇಳಿದಳು: “ನಾನ ತಗದೀನ್ರಿ ಅತ್ತಿ. ತವರಿಗಿ ಹೊಂಟಾಗ ಯಾರೂ ಬಾಗಿಲಾ ಹಾಕಬಾರದಲ್ರಿ, ಅದಕ್ಕ.”

“ಅಬ್ಬಬ್ಬಾ, ಭಾಳ ಹುಷಾರದಾಳ ಹುಡುಗಿ!” ಎಂದು ಆಕೆ ಅಕ್ಕನ ಗಲ್ಲ ಸವರಿದಳು. ಮದುವೆ ನಡೆದೇ ಹೋಯಿತು. ಆ ಪುಟ್ಟ ಬಂಗಲೆಯೂ ಅಕ್ಕನ ಜೊತೆ ಹೊರಟಿತು. ಬಸ್ಸು ಹತ್ತುವ ಮುಂಚೆ ಅವಳು ನನ್ನ ಕಿವಿ ಹಿಂಡಿ ಪಿಸುಗುಟ್ಟಿದಳು. “ಪಂಚಮಿಗಿ ಬರ್ತೀನಿ, ಆವಾಗ ಕೊಡು. ಕಳಕೋಬ್ಯಾಡ ತಮ್ಮಾ.”

ನಾಗರಪಂಚಮಿಗೆ ಅಪ್ಪ ಬೇವಿನ ಮರಕ್ಕೆ ಜೋಕಾಲಿ ಕಟ್ಟಿ, ಅವಳನ್ನು ಕರೆತರಲು ಹೋದ. ನಾನು ಬಾಗಿಲಿಗೆ ಎಣ್ಣೆ ತಿಕ್ಕಿ, ಬಸ್‌ಸ್ಟ್ಯಾಂಡಿನಲ್ಲಿ ಕಾದೆ. ಬಸ್ಸಿನಿಂದ ಅಪ್ಪ ಒಬ್ಬನೇ ಇಳಿದ. ಅಕ್ಕನಿಗೆ ಕಾಮಾಲೆ ಎಂದ. ಶ್ರಾವಣ ಮುಗಿಯುವುದರೊಳಗೆ ಅಕ್ಕ ತೀರಿಕೊಂಡಳು. ಜೋಕಾಲಿಯ ಹಗ್ಗವನ್ನು ಅಪ್ಪ ಬಿಚ್ಚಲೇ ಇಲ್ಲ. ಅದು ಮಳೆಗೆ ಕೊಳೆತು ತಾನೇ ಕಡಿದು ಬಿತ್ತು. ಬಾಗಿಲು ತೆಗೆದವಳು ಅಕ್ಕನೇ ಎಂದು ಅವನು ಕೊನೆಯತನಕ ನಂಬಿದ್ದ. ನಾನು ಹೇಳಲಿಲ್ಲ.

ಮೊಮ್ಮಕ್ಕಳೇ, ಈಗ ನಿಮ್ಮ ಗೊಂಬೆಮನೆ ರಟ್ಟಿನ ಡಬ್ಬಿಯಲ್ಲಿ ಮನೆಬಾಗಿಲಿಗೇ ಬಂತು. ಮೇಲೆ ‘ವಿಕ್ಟೋರಿಯನ್’ ಎಂದು ಬರೆದಿದೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಗೋಡೆಯ ಹೂಬಳ್ಳಿ ಬಹಳ ಚೆಂದ. ಅದರ ಹಿಂದೆ ಯಾರ ಲಗ್ನದ ಹೆಸರೂ ಇಲ್ಲ. ಬಾಗಿಲಿಗೆ ಅಯಸ್ಕಾಂತವಿದೆ, ಟಕ್ಕೆಂದು ಮುಚ್ಚುತ್ತದೆ. ನೀವು ಆಟ ಮುಗಿಸಿ ಹೋದ ಮೇಲೆ ಅದನ್ನು ಯಾರು ತೆರೆದಿಡುತ್ತಾರೆಂದು ದಿನಾ ಜಗಳವಾಡುತ್ತೀರಲ್ಲ? ನಾನೇ.

ನನ್ನ ಕನ್ನಡಕದ ಡಬ್ಬಿಯಲ್ಲಿ ಇನ್ನೊಂದು ಬಾಗಿಲಿದೆ. ಮೊನ್ನೆ ನಿಮ್ಮ ಗೊಂಬೆಮನೆಗೆ ಹಿಡಿದು ನೋಡಿದೆ, ಅಳತೆ ಕೂಡಲಿಲ್ಲ. ಒರೆಸಿ ಮತ್ತೆ ಅಲ್ಲೇ ಇಟ್ಟೆ. ಕಳೆದುಕೊಂಡಿಲ್ಲ.