ಅಳಿಯನ ಕಾರು, ಅತ್ತೆಯ ಹೊಟ್ಟೆ

ಇದು ಕಳೆದ ವರ್ಷ ದಸರೆ ಮುಗಿದ ಮೇಲೆ ನಡೆದದ್ದು. ಸಾಸವಡದಲ್ಲಿರುವ ನನ್ನ ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು, ಸೊಂಟದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದಿದ್ದಳು. ನಾವಿರುವ ಪುಣೆಯಿಂದ ಸಾಸವಡ ದೂರವೇನಲ್ಲ. ಆದರೆ ನಡುವೆ ದಿವೆ ಘಾಟ್ ಇದೆ. ಚಿಕ್ಕಂದಿನಿಂದ ಬಸ್ಸು, ಕಾರು ಏನು ಹತ್ತಿದರೂ ನನಗೆ ಹೊಟ್ಟೆ ತೊಳಸುತ್ತದೆ. ಘಾಟಿನ ತಿರುವುಗಳೆಂದರೆ ಕೇಳುವುದೇ ಬೇಡ. ಅದಕ್ಕೇ ಇಷ್ಟು ವರ್ಷ ಅಕ್ಕನೇ ಅಂಜೂರದ ಬುಟ್ಟಿ ಹಿಡಿದುಕೊಂಡು ಬಂದು ಸ್ವಾರಗೇಟಿನಲ್ಲಿ ಬಸ್ಸಿಳಿಯುತ್ತಿದ್ದಳು. ಅವಳು ಕಟ್ಟಿಸಿದ ಮನೆಯನ್ನು ನಾನು ಕಣ್ಣಾರೆ ಕಂಡಿರಲಿಲ್ಲ. "ನಿನ್ನ ನೋಡಬೇಕನಸ್ತದ ಶಾಂತಾ, ಒಮ್ಮೆ ಬಂದು ಹೋಗವಾ" ಎಂದು ಫೋನಿನಲ್ಲಿ ಅತ್ತಳು. ಅಕ್ಕ ಅಳುವುದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಮಗಳು ಸ್ಮಿತಾಳ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಅಳಿಯ ಕಾರ್ತಿಕ್ ಮೈಸೂರಿನವರು, ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸ. "ನಾನು ಕರ್ಕೊಂಡು ಹೋಗ್ತೀನಿ ಬನ್ನಿ ಅತ್ತೆ" ಎಂದು ತಮ್ಮ ಎತ್ತರದ ಸೆಕೆಂಡ್ ಹ್ಯಾಂಡ್ ಗಾಡಿಯ ಹಿಂದಿನ ಸೀಟಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ಘಾಟಿನ ಅರ್ಧಕ್ಕೆ ಬರುವಷ್ಟರಲ್ಲಿ ಆಗಬಾರದ್ದು ಆಗಿಹೋಯಿತು. ಕಾರ್ತಿಕ್ ಗಾಡಿಯನ್ನು ಪಕ್ಕಕ್ಕೆ ಹಾಕಿ, ನೀರಿನ ಬಾಟಲಿ ನನ್ನ ಕೈಗೆ ಕೊಟ್ಟು, ಸೀಟನ್ನು ತಾವೇ ಒರೆಸತೊಡಗಿದರು. ನಾವು ಧಾರವಾಡದ ಕಡೆಯವರು. ಅಳಿಯನ ಎದುರು ಸೆರಗು ಸರಿಮಾಡಿಕೊಳ್ಳದೆ ಮಾತಾಡಿದವರಲ್ಲ. ಅಂಥದ್ದರಲ್ಲಿ ಅಳಿಯ ನನ್ನ ವಾಂತಿ ಬಳಿಯುವುದೇ! ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಾ ಬರೂದಿಲ್ಲ, ತಿರುಗಿ ನಡೀರಿ" ಎಂದು ಹಟ ಹಿಡಿದೆ. ಅಕ್ಕ ಅತ್ತ ಕಡೆ ಬಾಗಿಲು ನೋಡುತ್ತ ಮಲಗಿದ್ದಳಂತೆ. ನಾವು ಅರ್ಧ ದಾರಿಯಿಂದ ವಾಪಸು ಬಂದೆವು.

ಮರುವಾರ ಕಾರ್ತಿಕ್ ಮನೆಗೆ ಬಂದು ನನ್ನೆದುರು ಕೂತರು. "ಅತ್ತೆ, ನಿನ್ನೆ ಸ್ಮಿತಾಗೆ ಡ್ರೈವ್ ಮಾಡು ಅಂತ ಹೇಳಿ, ನಾನು ಹಿಂದೆ ಕೂತ್ಕೊಂಡು ಘಾಟ್ ಹತ್ತಿ ಬಂದೆ. ನಂಗೇ ತಲೆ ಸುತ್ತು ಬಂತು. ಪ್ರಾಬ್ಲಮ್ ನಿಮ್ದಲ್ಲ, ಗಾಡೀದು. ಅದನ್ನೇ ರಿಪೇರಿ ಮಾಡಿಸ್ತೀನಿ."

ಉಪವಾಸ ಇರು, ಕಣ್ಣು ಮುಚ್ಚಿಕೋ, ನಿಂಬೆಹಣ್ಣು ಮೂಸು, ಮನಸ್ಸು ಗಟ್ಟಿ ಮಾಡು ಎಂದು ಜೀವಮಾನವಿಡೀ ಎಲ್ಲರೂ ನನ್ನನ್ನೇ ರಿಪೇರಿ ಮಾಡಲು ಹೊರಟವರು. ಗಾಡಿಯನ್ನು ರಿಪೇರಿ ಮಾಡಿಸುತ್ತೇನೆ ಎಂದವರು ಇವರೊಬ್ಬರೇ.

ಗಾಡಿ ಎತ್ತರವಾದ್ದರಿಂದ ತಿರುವಿನಲ್ಲಿ ವಾಲುತ್ತದೆಯಂತೆ. ಸ್ಪ್ರಿಂಗು ಕುಣಿದರೆ ಅದನ್ನು ತಡೆದು ನಿಲ್ಲಿಸಬೇಕಾದದ್ದು ಶಾಕ್ ಅಬ್ಸಾರ್ಬರ್. ಅದು ಸವೆದಿದ್ದಕ್ಕೇ ಗಾಡಿ ತೊಟ್ಟಿಲಿನಂತೆ ತೂಗುತ್ತಲೇ ಇರುತ್ತದೆಯಂತೆ. ಗಿಡ್ಡ ಸ್ಪ್ರಿಂಗು ಹಾಕಿಸಿ ಗಾಡಿಯನ್ನು ತುಸು ತಗ್ಗಿಸಿದರೆ ವಾಲುವುದು ಕಡಿಮೆಯಾಗುತ್ತದೆ ಎಂದು ವಿವರಿಸಿದರು. "ಯಾವ್ದು ಹಾಕಿಸ್ಬೇಕು ಅಂತ ನೀವು ಕೂತು ಹೇಳಿದ್ರೇನೇ ಗೊತ್ತಾಗೋದು" ಎಂದು ನನ್ನನ್ನೂ ನಾನಾ ಪೇಠ ಎಂಬಲ್ಲಿನ ಗ್ಯಾರೇಜಿಗೆ ಹೊರಡಿಸಿದರು.

ಅಲ್ಲಿಗೆ ಬರುವವರೆಲ್ಲ ಷೋಕಿಗಾಗಿ ಗಾಡಿ ತಗ್ಗಿಸಿಕೊಳ್ಳುವ ಹುಡುಗರು. ಅವರ ನಡುವೆ ಒಂಬತ್ತು ಗಜದ ಸೀರೆ ಉಟ್ಟವಳು ನಾನೊಬ್ಬಳು. ಯಾಕೆ ತಗ್ಗಿಸಬೇಕು ಎಂದು ಗ್ಯಾರೇಜಿನ ಮಾಲೀಕ ಶಿಂದೆ ಕೇಳಿದ್ದಕ್ಕೆ ಕಾರ್ತಿಕ್ ತಮ್ಮ ಹರುಕು ಮುರುಕು ಹಿಂದಿಯಲ್ಲಿ ನನ್ನ ವಾಂತಿಯ ಕಥೆಯನ್ನು ಎಲ್ಲರ ಮುಂದೆ ಹೇಳಿಬಿಟ್ಟರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ನಿಂತೆ.

ಮೊದಲು ಹಾಕಿದ ಸ್ಪ್ರಿಂಗು ಬಹಳ ಗಿಡ್ಡ, ಬಹಳ ಗಟ್ಟಿ. ಹಳೇ ಶಾಕ್ ಅಬ್ಸಾರ್ಬರ್ ಹಾಗೇ ಇತ್ತು. ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ನನ್ನ ಬೆನ್ನಿನ ಮಣಿಗಳೆಲ್ಲ ಬಿಡಿಬಿಡಿಯಾದವು. ಕಾರ್ತಿಕ್ ಕನ್ನಡಿಯಲ್ಲಿ ನನ್ನನ್ನು ನೋಡುತ್ತ "ಹೇಗಿದೆ ಅತ್ತೆ?" ಎಂದರು. ಅವರ ಮುಖದಲ್ಲಿ ಎಷ್ಟು ಆಸೆ ಇತ್ತೆಂದರೆ!

"ಭಾಳ ಛಲೋ ಅದರಿ. ಹೂವಿನ ಮ್ಯಾಲೆ ಕೂತಂಗ ಅದ" ಎಂದೆ. ಅಳಿಯ ಮಾಡಿಸಿದ್ದನ್ನು ಅತ್ತೆ ಚೆನ್ನಾಗಿಲ್ಲ ಎನ್ನುವುದುಂಟೇ?

"ಹಾಗಾದ್ರೆ ನಾಳೇನೇ ಸಾಸವಡ" ಎಂದು ಅವರು ಹಿಗ್ಗಿದರು. ಗಾಡಿಯಿಂದ ಇಳಿದವಳು ಗ್ಯಾರೇಜಿನ ಕಂಬ ಹಿಡಿದುಕೊಂಡೆ. ಶಿಂದೆ ನನ್ನ ಕಡೆ ಬೆರಳು ಮಾಡಿ "ಕಾಕೂಂಚಾ ಚೆಹರಾ ಬಘಾ, ಸಾಹೇಬ" ಎಂದ, ಚಿಕ್ಕಮ್ಮನವರ ಮುಖ ನೋಡಿ ಎಂದು.

ಕಾರ್ತಿಕ್ ನೋಡಿದರು. ಸಿಟ್ಟು ಮಾಡಲಿಲ್ಲ, ಆದರೆ ಮುಖ ಸಪ್ಪಗಾಯಿತು. "ನೀವು ಚೆನ್ನಾಗಿದೆ ಅಂದ್ರೆ ನಾನು ಇದನ್ನೇ ಇಟ್ಕೋತೀನಿ ಅತ್ತೆ. ನಾಳೆ ಮತ್ತೆ ಅರ್ಧ ದಾರಿಯಿಂದ ವಾಪಸ್ ಬರ್ತೀವಿ. ದೊಡ್ಡಮ್ಮ ಮತ್ತೆ ಕಾಯ್ತಾ ಇರ್ತಾರೆ."

ಅಕ್ಕನ ಹೆಸರು ಬಂದದ್ದೇ ತಡ, ನನ್ನ ಮರ್ಯಾದೆಯೆಲ್ಲ ಹಾರಿಹೋಯಿತು. "ಸುಡುಗಾಡು ಅದರಿ!" ಎಂದುಬಿಟ್ಟೆ. "ತೆಗ್ಗು ಬಂದ್ರ ಬೆನ್ನಾಗ ಗುದ್ದಿದಂಗ ಆಗ್ತದ. ಹಿಂದಿನ ಸೀಟು ಜರಡಿ ಹಿಡದಂಗ ಕುಣೀತದ. ನಾ ಅಕ್ಕಿ ಆಗಿದ್ರ ಇಷ್ಟೊತ್ತಿಗೆ ಹಳ್ಳು ಬ್ಯಾರೆ ಆಗಿರತಿದ್ವು!"

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವರು ಕಾರ್ತಿಕ್. "ಇದೇ ಬೇಕಿತ್ತು ನಂಗೆ! ಇನ್ನೂ ಹೇಳಿ ಅತ್ತೆ, ಎಲ್ಲಿ ಕುಣಿಯುತ್ತೆ, ಯಾವಾಗ ಕುಣಿಯುತ್ತೆ?"

ಆ ಸ್ಪ್ರಿಂಗು ಬಿಚ್ಚಿಸಿದರು. ಗಾಡಿಯನ್ನು ಎರಡು ಬೆರಳಿನಷ್ಟು ಮಾತ್ರ ತಗ್ಗಿಸುವ, ಅದಕ್ಕಿಂತ ಮೆತ್ತನೆಯ ಸ್ಪ್ರಿಂಗು ಮತ್ತು ಅದಕ್ಕೆ ಹೊಂದುವ ಹೊಸ ಶಾಕ್ ಅಬ್ಸಾರ್ಬರ್ ತರಿಸಿದರು. ಇದಕ್ಕಿಂತ ತಗ್ಗಿದರೆ ನಮ್ಮ ಊರಿನ ರಸ್ತೆ ಉಬ್ಬುಗಳಿಗೆ ಗಾಡಿಯ ತಳ ತಾಗುತ್ತದೆ ಎಂದು ಶಿಂದೆಯೂ ಹೇಳಿದ. ಮುಂದಿನ ವಾರ ಮತ್ತೆ ಸುತ್ತು ಹೋದೆವು. ತೆಗ್ಗು ಬಂದರೆ ಒಂದು ಸಲ ಧಪ್ ಎಂದು ಗಾಡಿ ಸುಮ್ಮನಾಗುತ್ತಿತ್ತು. ತಿರುವಿನಲ್ಲಿ ನಾನು ಬಾಗಿಲಿಗೆ ಹೋಗಿ ಬೀಳಲಿಲ್ಲ.

"ಈಗ ಛಲೋ ಅದರಿ" ಎಂದೆ.

"ಅತ್ತೆ ಹೇಳ್ತಿರೋದಾ, ಅತ್ತೆ ಹೊಟ್ಟೆ ಹೇಳ್ತಿರೋದಾ?"

"ಹೊಟ್ಟೀನ ಹೇಳಾಕತ್ತದರಿ."

ಮರುದಿನ ಘಾಟ್ ಹತ್ತಿದೆವು. ಏನೂ ಆಗಲೇ ಇಲ್ಲ ಎಂದರೆ ಸುಳ್ಳಾದೀತು. ಒಂದು ತಿರುವಿನಲ್ಲಿ ಹೊಟ್ಟೆಯಲ್ಲಿ ಸಂಕಟ ಶುರುವಾಯಿತು. ಮೊದಲಾಗಿದ್ದರೆ ತುಟಿ ಕಚ್ಚಿ ಕೂರುತ್ತಿದ್ದೆ. ಅವತ್ತು "ಸ್ವಲ್ಪ ಸಾವಕಾಶ್ರಿ" ಎಂದೆ. ಕಾರ್ತಿಕ್ ವೇಗ ಇಳಿಸಿದರು. ಸಂಕಟ ತಾನೇ ಇಳಿಯಿತು. ನೋಡನೋಡುತ್ತ ರಸ್ತೆ ಸಮತಟ್ಟಾಗಿ ಅಂಜೂರದ ತೋಟಗಳು ಬಂದವು.

ಅಕ್ಕ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ನನ್ನನ್ನು ಹೊಸ್ತಿಲಲ್ಲಿ ಕಂಡು ಎರಡೂ ಕೈ ಚಾಚಿದಳು. ಹತ್ತಿರ ಹೋದಾಗ ನನ್ನ ಕೈ ಹಿಡಿದು, ಕೆನ್ನೆ ಮುಟ್ಟಿ, ಕೊನೆಗೆ ಕೇಳಿದಳು. "ಘಾಟ ಹೆಂಗ ದಾಟಿದಿಯವಾ?"

"ಅಳಿಯಂದ್ರಿಗೆ ಬೈದು ದಾಟಿದೆ" ಎಂದೆ. ಅಕ್ಕ ಗಾಬರಿಯಿಂದ ಕಾರ್ತಿಕ್ ಮುಖ ನೋಡಿದಳು. ಅವರು ನಗುತ್ತಿದ್ದರು. ಆಮೇಲೆ ಅಕ್ಕನೂ ನಕ್ಕಳು, ನಗುತ್ತಲೇ ಅತ್ತಳು.

ಸಂಜೆಯವರೆಗೂ ಅವಳ ತಲೆ ಬಾಚುತ್ತ, ಜಡೆ ಹಾಕುತ್ತ ಕೂತಿದ್ದೆ. ನನಗೆ ಹಿಂಸೆಯಾಗುವುದನ್ನು ಇದ್ದ ಹಾಗೆ ಹೇಳಿ ಎಂದು ಆವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ಕೇಳಿದ್ದರೂ ನಾನು ಛಲೋ ಅದ ಎಂದೇ ಹೇಳುತ್ತಿದ್ದೆನೇನೋ. ಹಾಗೆ ಹೇಳಿಕೊಂಡೇ ಅಕ್ಕನ ಮನೆ ನೋಡದೆ ಇಷ್ಟು ವರ್ಷ ಕಳೆದೆನಲ್ಲ ಎಂದು ಈಗಲೂ ಕರುಳು ಚುರ್ ಎನ್ನುತ್ತದೆ.