ಜೀಪಿನ ತಳದ ಕುಂಕುಮ

ಎದುರು ಮನೆಯ ಗೇಟಿಗೆ ಇವತ್ತು ಬೆಳಿಗ್ಗೆ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಳಿಯುತ್ತಿದ್ದರು. ಮೂಗಿನೊಳಗೆ ಹೊಕ್ಕು ಕೂತರೆ ಏಳುವ ಹೆಸರೇ ಎತ್ತದ ಆ ವಾಸನೆ ನಿಮಗೂ ಗೊತ್ತಿರಬೇಕು. ಉಳಿದವರಿಗೆ ಅದರಿಂದ ತಲೆನೋವು ಬರುತ್ತದಂತೆ, ನನಗೆ ಹಸಿವಾಗುತ್ತದೆ. ನಗಬೇಡಿ, ಕಾರಣವಿದೆ. ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಇಡೀ ಬೇಸಿಗೆ ನಮ್ಮ ಮನೆಯ ರೊಟ್ಟಿ, ಝುಣಕ, ಮಾವಿನಕಾಯಿ ಚಟ್ನಿ ಎಲ್ಲಕ್ಕೂ ಈ ವಾಸನೆಯದೇ ಒಗ್ಗರಣೆ. ಹುಬ್ಬಳ್ಳಿಯ ಗೋಪನಕೊಪ್ಪದ ನಮ್ಮ ಅಂಗಳದಲ್ಲಿ ಮಾವನವರ ಹಳೇ ಜೀಪನ್ನು ಬಿಚ್ಚಿ ಹರವಿಕೊಂಡು ಕೂತಿದ್ದೆವು ನಾವು.

ನಾವು ಅಂದರೆ ಎಂಥಾ ಕುಶಲಕರ್ಮಿಗಳು ಅಂತೀರಿ! ನಮ್ಮ ಮನೆಯವರು ಆಗಿನ್ನೂ ಇದ್ದರು. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಜೀವಮಾನದಲ್ಲಿ ಅವರು ಬಿಚ್ಚಿದ ದೊಡ್ಡ ಯಂತ್ರವೆಂದರೆ ಬಾಲ್ ಪೆನ್ನು, ಅದರ ಸ್ಪ್ರಿಂಗನ್ನೂ ಕಳೆದಿದ್ದರು. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಹೊಲಿಗೆ ಕಲಿಸುವ ಟೀಚರು. ಮೂರನೆಯವರು ನನ್ನ ಅತ್ತೆ. ಹಣೆಗೆ ಮೂರು ಬೆರಳ ವಿಭೂತಿ, ಮಾತು ಕಡಿಮೆ, ಆಡಿದರೆ ಎರಡನೇ ಸಲ ಆಡಿಸಿಕೊಳ್ಳುವಂತಿಲ್ಲ.

ಮಾವನವರು ಅರಳೆ ವ್ಯಾಪಾರಿ. ಹೆಬ್ಬಳ್ಳಿ ಕಡೆಯ ಎರೆ ಹೊಲಗಳಲ್ಲೆಲ್ಲ ಆ ಜೀಪಿನಲ್ಲಿ ಓಡಾಡಿದವರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರು ತೀರಿಕೊಂಡು, ಜೀಪು ನುಗ್ಗೆ ಗಿಡದ ಕೆಳಗೆ ನಿಂತುಬಿಟ್ಟಿತ್ತು. ಅದರ ಟೈರಿನ ಗಾಳಿ ಹೋಗಿತ್ತು, ಬಣ್ಣ ಹೋಗಿತ್ತು, ಆದರೆ ಅತ್ತೆಯ ಅಮಾವಾಸ್ಯೆಯ ಪೂಜೆ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ. ತೊಳೆದು, ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕಡೆಗೆ ಆ ಕಾಯಿನೀರನ್ನು ಡ್ರೈವರ್ ಸೀಟಿನ ಮುಂದೆ, ಮಾವನವರು ಕಾಲಿಡುತ್ತಿದ್ದ ಜಾಗಕ್ಕೆ ಹೊಯ್ಯುತ್ತಿದ್ದರು. ಮೇಲೊಂದು ಚಿಟಿಕೆ ಕುಂಕುಮ, ನಾಲ್ಕು ಅಕ್ಕಿಕಾಳು, ಒಂದು ಚೆಂಡುಹೂವು. ಗಂಡ ಹೋದ ಮೇಲೆ ತಮ್ಮ ಹಣೆಗೆ ಕುಂಕುಮ ಬಿಟ್ಟವರು ಅವರು. ಡಬ್ಬಿ ಮಾತ್ರ ಆ ಜೀಪಿಗಾಗಿ ಮನೆಯಲ್ಲಿ ಉಳಿದಿತ್ತು. ಹೊಸದಾಗಿ ಬಂದ ನನಗೆ ಮೊದಮೊದಲು ಇದೆಲ್ಲ ವಿಚಿತ್ರ ಅನಿಸುತ್ತಿತ್ತು. ಆಮೇಲೆ ನಾನೇ ಹೂವು ಹರಿದು ಕೊಡತೊಡಗಿದೆ.

ಒಂದು ದಿನ ನಮ್ಮ ಮನೆಯವರಿಗೆ ಅಪ್ಪನ ಗಾಡಿ ಓಡಿಸಬೇಕೆಂಬ ಹುಕಿ ಬಂತು. ಗ್ಯಾರೇಜಿನವನೊಬ್ಬ ಬಂದು ಕೆಳಗೆ ಬಗ್ಗಿ ನೋಡಿ, “ಇಂಜಿನ್ನ ನಾ ಮಾಡಿ ಕೊಡ್ತೇನ್ರಿ. ಬಾಡಿ ಮಾತ್ರ ಪೂರಾ ತುಕ್ಕ ತಿಂದೈತಿ. ಗುಜರಿಗೆ ಒಗದು ಹೊಸಾದ ಹಾಕಸ್ರಿ,” ಎಂದ. ಬಾಗಿಲಲ್ಲಿ ನಿಂತಿದ್ದ ಅತ್ತೆ, “ಅವರು ಕುಂತ ಜಾಗಾನ ಒಗದ ಮ್ಯಾಲ ಉಳಿಯೂದೇನೋ?” ಎಂದರು. ಮಗ ಆ ಕ್ಷಣಕ್ಕೆ ವೀರನಾದ. “ಒಗಿಯೂದ ಬ್ಯಾಡವ್ವಾ. ಬಾಡಿ ಬಿಚ್ಚಿ ನಾನ ರಿಪೇರಿ ಮಾಡ್ತೇನಿ.” ನಾನು ಬಾಲ್ ಪೆನ್ನನ್ನು ನೆನೆದು ಸುಮ್ಮನಾದೆ.

ನಮಗೆ ಗುರು ಸಿಕ್ಕವರು ಬಾಬಾಜಾನ ಕಾಕಾ. ಕಮರಿಪೇಟೆಯಲ್ಲಿ ಸ್ಟೀಲ್ ಕಪಾಟು ಮಾಡುವ ಅಂಗಡಿ ಅವರದು, ಮಾವನವರ ಜೀವದ ಗೆಳೆಯ. ವಿನಯಕ್ಕೂ ಅವರಿಗೂ ಆಗಿಬರುತ್ತಿರಲಿಲ್ಲ. “ಹುಬ್ಬಳ್ಳ್ಯಾಗ ನಾ ಮಾಡಿದ ಕಪಾಟ ಇಲ್ಲದ ಮನಿ ಒಂದ ತೋರಸ್ರಿ ನೋಡೂಣು,” ಎಂಬುದೇ ಅವರ ನಮಸ್ಕಾರ. ಕಪಾಟು ಬೇರೆ, ಜೀಪು ಬೇರೆ ಎಂದರೆ, “ಎರಡೂ ತಗಡ ಹೌದಲ್ಲೋ? ಒಂದ ನಿಂದ್ರತೈತಿ, ಒಂದ ಓಡತೈತಿ, ಅಷ್ಟ,” ಎನ್ನುತ್ತಿದ್ದರು.

ಬಿಚ್ಚುವುದು ಸುಲಭ ಅಂದವರು ಯಾರೋ, ನನ್ನ ಕೈಗೆ ಸಿಗಬೇಕಿತ್ತು. ಬಾನೆಟ್ಟು, ಸೀಟು, ಮುಂದಿನ ಗಾಜು ಲಗೂನೆ ಬಂದವು. ಬಾಡಿಯನ್ನು ಕೆಳಗಿನ ಚಾಸಿಗೆ ಹಿಡಿದಿದ್ದ ಬೋಲ್ಟುಗಳು ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸೀಮೆಎಣ್ಣೆ ಕುಡಿಸಿದೆವು, ಬಡಿದೆವು, ಬೈದೆವು. ಒಂದು ಸಲ ನಮ್ಮ ಮನೆಯವರು ಬೋಲ್ಟಿಗೆ ಪಾನಾ ಹಾಕಿ ಜಗ್ಗಿದ ರಭಸಕ್ಕೆ ತಾವೇ ನುಗ್ಗೆ ಗಿಡದ ಬುಡಕ್ಕೆ ಹೋಗಿ ಕೂತರು, ಬೋಲ್ಟು ಇದ್ದಲ್ಲೇ ಇತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ನಮ್ಮ ಕೈ ತುಕ್ಕಾಗಿತ್ತು, ಮೊಸರಿನ ಸುದ್ದಿಯೇ ಇರಲಿಲ್ಲ. ಬಿಚ್ಚಿದ ನಟ್ಟುಗಳನ್ನು ಹಾಕಿಡಲು ಜಾಗ ಸಾಲದೆ ಉಪ್ಪಿನಕಾಯಿ ಭರಣಿಗಳೂ ಹೋದವು. ಆ ವರ್ಷ ನಾವು ಉಪ್ಪಿನಕಾಯಿ ಹಾಕಲಿಲ್ಲ.

ಬಾಡಿ ಎತ್ತುವ ದಿನ ಕರೆಯದೆಯೇ ಓಣಿಯ ಗಂಡಸರೆಲ್ಲ ಬಂದರು. ಆಫೀಸಿಗೆ ಹೊರಟವರು ಕೂಡ ಅಂಗಿ ತೋಳು ಮಡಚಿ ನಿಂತರು. ಅವರಲ್ಲಿ ಒಬ್ಬರಿಗೂ ಅದರಿಂದ ಆಗಬೇಕಾದದ್ದೇನೂ ಇರಲಿಲ್ಲ. ಕಾಕಾ, “ಹೆಗಲಾ ಕೊಡ್ರೋ!” ಎಂದು ಕೂಗಿದರು.

“ಹೆಗಲ ಬ್ಯಾಡ,” ಎಂದರು ಕಟ್ಟೆಯ ಮೇಲಿದ್ದ ಅತ್ತೆ.

“ಯಾಕ್ರಿ ವೈನಿ? ಪಾಲಕಿ ಹೊರೂದಿಲ್ಲೇನ್ರಿ ಹೆಗಲ ಮ್ಯಾಲ?”

“ಪಾಲಕ್ಯಾಗ ದೇವರಿರ್ತಾನ, ಬಾಬಾಜಾನ. ಇದರಾಗ ಯಾರದಾರ? ಈ ಅಂಗಳದಾಗಿಂದ ಒಬ್ಬರು ಹೆಗಲ ಮ್ಯಾಲ ಹ್ವಾದದ್ದ ಸಾಕು.”

ಎಲ್ಲರೂ ಬಗ್ಗಿ, ಮಗುವಿರುವ ತೊಟ್ಟಿಲು ಹಿಡಿದ ಹಾಗೆ, ಅಂಗೈಯ ಮೇಲೆಯೇ ಬಾಡಿ ಎತ್ತಿ ನಾಲ್ಕು ಪೀಪಾಯಿಗಳ ಮೇಲೆ ಇಟ್ಟರು. ಆಮೇಲೆ ಗಿರ್ಮಿಟ್ಟು, ಮಿರ್ಚಿ, ಚಹಾ.

ಇನ್ನು ಕೆರೆಯುವ ಕೆಲಸ. ಮೊದಲಿಗೆ ನಮ್ಮ ಮನೆಯವರು ತೂತುಗಳಿಗೆಲ್ಲ ಅದೆಂಥದೋ ಪೇಸ್ಟು ಮೆತ್ತುತ್ತಿದ್ದರು. ಕಾಕಾ ನೋಡಿ, “ಇದೇನ ಹೋಳಗಿ ಏನೋ, ಹೂರಣಾ ತುಂಬಾಕ? ಗಟ್ಟಿ ತಗಡ ಸಿಗೂಮಟಾ ಕೊರದು ತಗಿ, ಆಮ್ಯಾಲ ತ್ಯಾಪಿ ಹಚ್ಚೂಣು,” ಎಂದು ಗದರಿದರು. ಇದು ನನಗೆ ಹೊಸದಲ್ಲ. ಜೀರ್ಣವಾದ ಬಟ್ಟೆಯ ಮೇಲೆ ಹೊಲಿಗೆ ನಿಲ್ಲುವುದಿಲ್ಲ, ಗಟ್ಟಿ ಬಟ್ಟೆಯವರೆಗೆ ಕತ್ತರಿಸಬೇಕು ಎಂದು ದಿನಾ ಹುಡುಗಿಯರಿಗೆ ಹೇಳುತ್ತಿದ್ದವಳು ನಾನು. ರಟ್ಟಿನಲ್ಲಿ ತೇಪೆಯ ಅಳತೆ ಕತ್ತರಿಸಿ ಕೊಡುವ ಕೆಲಸ ಅವತ್ತಿನಿಂದ ನನ್ನದಾಯಿತು. ಕಾಕಾ ಅದರಂತೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡುತ್ತಿದ್ದರು. ಒಂದು ತೇಪೆಯೂ ಅಳತೆ ತಪ್ಪಲಿಲ್ಲ. ಹೇಳಿಕೊಳ್ಳಬಾರದು, ಆದರೂ ಹೇಳಿಕೊಳ್ಳುತ್ತೇನೆ.

ಡ್ರೈವರ್ ಸೀಟಿನ ಮುಂದಿನ ರಬ್ಬರ್ ಹಾಸು ಅಲ್ಲಲ್ಲಿ ಹರಿದು, ಮೇಲೆ ಬಿದ್ದದ್ದನ್ನೆಲ್ಲ ಕೆಳಗೆ ಇಳಿಸಿಕೊಂಡು, ನೆಲಕ್ಕೆ ಅಂಟಿಕೊಂಡಿತ್ತು. ಅದನ್ನು ಕಿತ್ತದ್ದು ನಾನೇ. ಕೆಳಗೆ ಕೆಂಪಗೆ, ಪದರ ಪದರವಾಗಿ ಹೆಕ್ಕಳೆಗಟ್ಟಿತ್ತು. ತುಕ್ಕು ಎಂದುಕೊಂಡು ಕೆರೆದೆ. ಅಕ್ಕಿಕಾಳು ಬಂತು. ಕೆರೆದಷ್ಟೂ ಕೊಬ್ಬರಿ ಚೂರು, ಚೆಂಡುಹೂವಿನ ಎಸಳು. ಎಲ್ಲಿಗೆ ಕುಂಕುಮ ಮುಗಿದು ಎಲ್ಲಿ ತುಕ್ಕು ಶುರುವಾಗಿದೆಯೋ ತಿಳಿಯಲಿಲ್ಲ. ಉಳಿದ ಕಡೆ ಎರೆ ಮಣ್ಣು ಕೂತು ಸಣ್ಣ ತೂತು ಬಿದ್ದಿದ್ದರೆ, ಇಲ್ಲಿ ಮಾತ್ರ ಒತ್ತಿದ ಬೆರಳು ಆಚೆ ಹೋಯಿತು.

“ರೀ, ಇಲ್ಲೆ ನೋಡ್ರಿ. ಅತ್ತಿಯವರ ಪೂಜಿ.”

ನಮ್ಮ ಮನೆಯವರ ಮುಖ ಬಾಡಿತು. “ಅವ್ವಗ ಹೇಳಬ್ಯಾಡ. ಕೈ ಮುಗಿತೇನಿ. ಇದ ಒಂದನ್ನ ಕಾಯ್ದೇನಿ ಅಂತ ಬದುಕ್ಯಾಳ ಆಕಿ.”

ನಿಜವೇ. ವ್ಯಾಪಾರ ಹೋಯಿತು, ಆಳುಕಾಳು ಹೋದರು, ಜೀಪನ್ನಾದರೂ ಕಾಪಾಡಿದೆ ಎಂಬುದೊಂದೇ ಅತ್ತೆಯ ಸಮಾಧಾನ. ತಿಂದದ್ದು ನಿಮ್ಮ ಕಾಯಿನೀರೇ ಎಂದು ಯಾವ ಬಾಯಿಂದ ಹೇಳುವುದು? ಎಲ್ಲ ಎರೆ ಮಣ್ಣಿನದೇ ಕೆಲಸ ಅನ್ನೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡೆವು. ಆದರೆ ಕಾಕಾಗೆ ಹೇಳಿರಲಿಲ್ಲ. ಅವರು ಬಂದವರೇ ಆ ತೂತಿನೊಳಗೆ ಕೈ ಹಾಕಿ, ಓಣಿಗೆಲ್ಲ ಕೇಳುವಂತೆ, “ಯಾ ಪುಣ್ಯಾತ್ಮ ಇಲ್ಲೆ ನೀರ ಹೊಯ್ದಾನೋ ಮಾರಾಯಾ! ಬೇಕಂತ ಕೊಂದಂಗ ಕೊಂದಾನಲ್ಲೋ ಗಾಡಿನ!” ಎಂದರು.

ಅತ್ತೆ ಚಹಾದ ತಾಟು ಹಿಡಿದು ಹಿಂದೆಯೇ ನಿಂತಿದ್ದರು.

“ಬಾಬಾಜಾನ, ಕಾಯಿನೀರು ಕಬ್ಬಿಣಾ ತಿಂತೈತೇನು?”

ಕಾಕಾಗೆ ಈಗ ಅರ್ಥವಾಯಿತು. ಅಷ್ಟು ದೊಡ್ಡ ದನಿ ಅಷ್ಟು ಸಣ್ಣದಾದದ್ದನ್ನು ನಾನು ಮತ್ತೆಂದೂ ಕೇಳಲಿಲ್ಲ. “ಹಂಗೇನಿಲ್ರಿ ವೈನಿ, ಮಳಿ ನೀರು...”

“ಖರೇ ಹೇಳು.”

“ತಿಂತೈತ್ರಿ.”

ಅತ್ತೆ ಚಹಾ ಕೊಟ್ಟು ಒಳಗೆ ಹೋದರು. ಅವತ್ತು ಉಣ್ಣಲಿಲ್ಲ. ಕರೆದರೆ, “ಹಸಿವಿಲ್ಲ,” ಎಂದರು. ಯವ್ವಾ, ಆ ದಿನ ನಮ್ಮ ಮನೆ ಮನೆಯಾಗಿರಲಿಲ್ಲ. ಜೀಪು ಗುಜರಿಗೇ ಹೋಗಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

ಮರುದಿನ ಬೆಳಿಗ್ಗೆ ನಾನು ಕಸ ಹೊಡೆಯಲು ಬಂದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ತಂತಿ ಬ್ರಷ್ಷಿನಿಂದ ಆ ಜಾಗವನ್ನೇ ತಿಕ್ಕುತ್ತಿದ್ದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಕೈ ನಿಂತಿರಲಿಲ್ಲ. “ಪೂಜಿ ಮಾಡಾಕತ್ತೇನಿ ಅಂದ್ಕೊಂಡಿದ್ನಿ, ಇಷ್ಟ ವರ್ಷ ತುಕ್ಕಿಗೆ ಉಣಿಸೇನಲ್ಲ. ನನ್ನ ಕೈಲೆ ಆದದ್ದು, ನನ್ನ ಕೈಲೇನ ಹೋಗ್ಲಿ,” ಎಂದರು.

ನಮ್ಮ ಮನೆಯವರು ಹೋಗಿ ತಾಯಿಯ ಕೈ ಹಿಡಿದರು. “ಅವ್ವಾ, ಒಂದ ಮಾತ ಕೇಳು. ನಿನಗ ಹೇಳದ ಎರಡ ಸಲ ಇದನ್ನ ಮಾರಾಕ ಹೊಂಟಿದ್ದೆ. ಕೊಳ್ಳಾಕ ಬಂದವರು ಅರಿಷಿಣಾ ಕುಂಕಮಾ ನೋಡಿ, ‘ಮನಿ ಹೆಣ್ಣಮಗಳ ಜೀವ ಇದರಾಗ ಐತ್ರಿ, ನಮಗ ಬ್ಯಾಡ್ರಿ’ ಅಂತ ತಿರುಗಿ ಹ್ವಾದ್ರು. ನೀ ಪೂಜಿ ಮಾಡಿದ್ದಕ್ಕ ತಳಾ ಹೋತು, ಖರೆ. ಪೂಜಿ ಮಾಡಿರಲಿಲ್ಲಂದ್ರ ಗಾಡೀನ ಹೋಗತಿತ್ತು.”

ಅತ್ತೆ ಮಗನನ್ನು ದಿಟ್ಟಿಸಿ ನೋಡಿದರು. “ಮಾರಾಕ ಹೊಂಟಿದ್ದೇನೋ, ಭಾಡ್ಯಾ?” ಎಂದು ಬ್ರಷ್ಷಿನ ಹಿಡಿಯಿಂದಲೇ ಬೆನ್ನಿಗೊಂದು ಕೊಟ್ಟರು. ಆಮೇಲೆ ನಕ್ಕರು. ಆ ನಗು ಕೇಳಿ ನಾನು ಅಳತೊಡಗಿದೆ, ಕಾರಣ ಕೇಳಬೇಡಿ.

ಆ ಜಾಗದ ತೇಪೆಗೆ ಅಳತೆ ಕತ್ತರಿಸುವಾಗ ಅತ್ತೆಯೇ ರಟ್ಟು ಹಿಡಿದುಕೊಂಡರು. ಕಾಕಾ ಬೆಸೆದರು, ರೆಡ್ ಆಕ್ಸೈಡ್ ಬಳಿದೆವು, ಹಸಿರು ಬಣ್ಣ ಹೊಡೆದೆವು. ಗ್ಯಾರೇಜಿನವನು ಇಂಜಿನ್ನು ಸರಿಮಾಡಿ ಕೊಟ್ಟ. ಓಣಿ ಮತ್ತೆ ಬಂದು, ಈ ಸಲವೂ ಹೆಗಲು ಕೊಡದೆ, ಬಾಡಿಯನ್ನು ಚಾಸಿಯ ಮೇಲೆ ಕೂರಿಸಿತು. ಎರಡು ಬೋಲ್ಟು ಉಳಿದವು. ಎಲ್ಲಿಯವೋ ಇವತ್ತಿಗೂ ಗೊತ್ತಿಲ್ಲ.

ಹೆಬ್ಬಳ್ಳಿ ಅತ್ತೆಯ ತವರು, ಮೊದಲ ಸವಾರಿ ಅಲ್ಲಿಗೇ ಎಂದಾಯಿತು. ಹೊರಡುವ ಮುಂಚೆ ಪೂಜೆ. ಅತ್ತೆ ಕುಂಕುಮದ ಡಬ್ಬಿಯನ್ನು ನನ್ನ ಕೈಗಿಟ್ಟು, “ನೀ ಹಚ್ಚವ್ವಾ. ಆಮ್ಯಾಲ ಒಣಾ ಅರವಿಲೆ ಒರಸು. ಒರಸೂದೂ ಪೂಜೀನ,” ಎಂದರು. ನಾನು ಬಾನೆಟ್ಟಿಗೆ ಹಚ್ಚಿದೆ. ಬೆರಳಿನಲ್ಲಿ ಒಂದಿಷ್ಟು ಉಳಿಯಿತು. ಏನು ಧೈರ್ಯ ಬಂತೋ, ತಿರುಗಿದವಳೇ ಅತ್ತೆಯ ಹಣೆಗೆ, ವಿಭೂತಿಯ ಕೆಳಗೆ, ಹಚ್ಚಿಬಿಟ್ಟೆ.

ಕಾಕಾ ಬೇರೆ ಕಡೆ ಮುಖ ಮಾಡಿದರು. ನಮ್ಮ ಮನೆಯವರು ಕೀಲಿಕೈ ಹಿಡಿದು ನಿಂತಲ್ಲೇ ನಿಂತರು. ಅತ್ತೆಯ ಕೈ ಹಣೆಯತ್ತ ಹೋಯಿತು, ಅರ್ಧಕ್ಕೇ ಇಳಿಯಿತು.

“ಇರ್ಲಿ ಬಿಡು,” ಎಂದರು. “ಕಬ್ಬಿಣಕ್ಕ ಹಚ್ಚಿ ಹಚ್ಚಿ ತುಕ್ಕ ಹಿಡಸೀನಿ. ನನ್ನ ಹಣಿಗೇನ ತುಕ್ಕ ಹಿಡಿತೈತಿ?”

ಆಮೇಲೆ ಸೀರೆ ಎತ್ತಿ ಹಿಡಿದು, ಮಾವನವರ ಕಾಲದಲ್ಲಿ ಒಮ್ಮೆಯೂ ಕೂರದಿದ್ದ ಮುಂದಿನ ಸೀಟಿಗೆ ಹತ್ತಿ ಕೂತರು. ಸಾಯುವವರೆಗೂ ಆ ಕುಂಕುಮ ಬಿಡಲಿಲ್ಲ. ಓಣಿಯ ಹಿರಿಯರು ಒಬ್ಬಿಬ್ಬರು ಆಡಿಕೊಂಡರು, ಆಡಿಕೊಂಡು ಸಾಕಾಗಿ ಸುಮ್ಮನಾದರು.

ಹೋದ ವರ್ಷ ನಮ್ಮ ಮನೆಯವರೂ ಹೋದರು. ಹತ್ತಿರದ ಹೆಂಗಸರು ನನ್ನ ಹಣೆ ಒರೆಸಲು ಬಂದಾಗ, “ನಮ್ಮತ್ತಿ ಹಚ್ಚಿಗೊಂಡಿದ್ರು, ನಾನೂ ಹಚ್ಚಿಗೊಳ್ತೇನ್ರಿ,” ಎಂದೆ. ಅತ್ತೆಯ ಹೆಸರು ಹೇಳಿದ ಮೇಲೆ ಯಾರೂ ಕೈ ಮುಂದೆ ಮಾಡಲಿಲ್ಲ. ಅಂಥ ಹೊತ್ತಿನಲ್ಲಿ ನನಗೆ ಆಡಲು ಒಂದು ಮಾತನ್ನು ಬಿಟ್ಟುಹೋದ ಆ ಹೆಣ್ಣುಮಗಳ ಋಣ ನಾನು ಹೇಗೆ ತೀರಿಸಲಿ?

ಇವತ್ತು ಅಮಾವಾಸ್ಯೆ. ಜೀಪಿಗೆ ಕುಂಕುಮ ಹಚ್ಚಿ, ಒಣ ಬಟ್ಟೆಯಿಂದ ಒರೆಸಿದೆ. ಆಮೇಲೆ ಅದರ ಪಕ್ಕದ ಕನ್ನಡಿಗೆ ಬಗ್ಗಿ, ನನ್ನ ಹಣೆಗೂ ಹಚ್ಚಿಕೊಂಡೆ.