ಇಂಚಣ್ಣ ಎತ್ತರಿಸಿದ ಗೋಡೆ

ನಮ್ಮ ಓಣಿಯ ಮರಗೆಲಸದವನಿಗೆ ಇಂಚಣ್ಣ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಸೊಳ್ಳೆ ಹೊಡೆಯುವ ಮೊದಲೂ ಅದರ ಉದ್ದಗಲ ಅಳೆಯುವ ಆಸಾಮಿ. ಇಂಜಿನಿಯರ್ ಕಚೇರಿಗೆ ಸೇತುವೆ, ಕಟ್ಟಡಗಳ ಪುಟ್ಟ ಮಾದರಿ ಮಾಡಿಕೊಡುವುದು ಅವನ ಕಸುಬು. ಅವನು ಮಾಡಿದ ಗಡಿಯಾರ ಗೋಪುರದ ಮಾದರಿಯನ್ನು ನೋಡಿ ನಿಜವಾದ ಗೋಪುರವೇ ನಾಚಿ, ಕೂದಲೆಳೆಯಷ್ಟು ಸರಿದು ನೆಟ್ಟಗೆ ನಿಂತಿತೆಂದು ನಾನು ಊರಿಗೆಲ್ಲ ಹೇಳುತ್ತಿದ್ದೆ. ಅರ್ಧ ಊರು ನಂಬಿತ್ತು.

ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವಳು ಅಕ್ಕ. ಇಬ್ಬರೂ ಇದ್ದದ್ದು ಕಡಲಿಗೆ ಬೆನ್ನು ಹಾಕಿ ನಿಂತ ಹೆಂಚಿನ ಮನೆಯಲ್ಲಿ. ಉಬ್ಬರದ ದಿನ ಬಚ್ಚಲಿನಿಂದ ನೀರು ಒಳಗೆ ಬರುತ್ತಿತ್ತು. ಜೊತೆಗೆ ಬಂದ ಮೀನುಗಳ ಹತ್ತಿರ ಅಕ್ಕ ಬಾಡಿಗೆ ಕೇಳುತ್ತಿದ್ದಳು.

ಕಡಲಿಗೆ ಗೋಡೆ ಕಟ್ಟುವ ಯೋಜನೆ ಬಂತು. ಸಾಲ ಕೊಡುವ ಬ್ಯಾಂಕಿನವರಿಗೆ ತೋರಿಸಲು ಇಡೀ ಊರಿನ ಮಾದರಿ ಬೇಕಾಯಿತು. ಇಂಚಣ್ಣ ಓಣಿ ಓಣಿಯನ್ನೂ ಮಾಡಿದ, ತನ್ನ ಮನೆಯ ಒಡೆದ ಹೆಂಚನ್ನೂ ಬಿಡಲಿಲ್ಲ. ಆದರೆ ಅಳತೆಗೆ ಸರಿಯಾಗಿ ಮಾಡಿದ ಗೋಡೆ, ಬಸ್ ಟಿಕೆಟನ್ನು ಅಡ್ಡ ನಿಲ್ಲಿಸಿದಷ್ಟೂ ಕಾಣಲಿಲ್ಲ. ಮುಖ್ಯ ಇಂಜಿನಿಯರ್ ಕನ್ನಡಕ ಏರಿಸಿ ಇಳಿಸಿ ಹುಡುಕಿದರು. ಕಾಣದ ಗೋಡೆಗೆ ಯಾರಯ್ಯ ದುಡ್ಡು ಕೊಡುತ್ತಾರೆ, ಎತ್ತರಿಸು ಎಂದರು. ಇಂಚಣ್ಣ ಆಗುವುದಿಲ್ಲವೆಂದು ತಲೆಯಾಡಿಸಿದ. ದುಡ್ಡು ಬಂದರೆ ಉಳಿಯುವುದು ನಿನ್ನ ಮನೆಯೂ ಅಲ್ಲವೇ ಎಂದಾಗ ಬಗ್ಗಿದ. ಮಾದರಿಯ ಗೋಡೆ ಅವನ ಮನೆಯ ಹೆಂಚಿನ ಮಟ್ಟಕ್ಕೆ ಬೆಳೆಯಿತು.

ಸಾಲ ಸಿಕ್ಕಿತು, ಕೇಳಿದ್ದರಲ್ಲಿ ಅರ್ಧ. ಸಮೀಕ್ಷೆ, ಸಭೆ, ಶಾಲು, ಹಾರ ಎಲ್ಲ ಉಂಡು ಮಿಕ್ಕಿದ್ದರಲ್ಲಿ ಗೋಡೆ ಸೊಂಟದ ಮಟ್ಟಕ್ಕೆ ಎದ್ದು ಸುಸ್ತಾಗಿ ನಿಂತಿತು. ತಗ್ಗಿನ ಓಣಿಯವರಿಗೆ ಗುಡ್ಡದ ಮೇಲೆ ಮನೆ ಕೊಡುತ್ತೇವೆ, ಮಳೆಗಾಲಕ್ಕೆ ಮೊದಲು ಏಳಿ ಎಂದು ಕಚೇರಿಯವರು ಸಾರಿದರು. ಎಲ್ಲರೂ ಗಂಟುಮೂಟೆ ಕಟ್ಟಿದರು. ಅಕ್ಕ ಮಾತ್ರ ಜಗ್ಗಲಿಲ್ಲ.

"ಗೋಡೆ ಇನ್ನೂ ಏಳ್ತದೆ ಕಣೋ. ನೀನು ಮಾಡಿಟ್ಟಿದ್ರಲ್ಲಿ ನಮ್ಮ ಹೆಂಚಿನವರೆಗೂ ಇದೆ. ನಾನೇ ಕಚೇರಿಗೆ ಹೋಗಿ ಬೆರಳಿಟ್ಟು ನೋಡಿ ಬಂದಿದೀನಿ."

"ಅದು ಸುಳ್ಳು ಅಕ್ಕಾ. ಕಾಣ್ಲಿ ಅಂತ ಎತ್ತರಿಸಿದ್ದು."

ಅಕ್ಕ ನಕ್ಕುಬಿಟ್ಟಳು. "ಸೊಳ್ಳೆ ಅಳೆಯೋನು ಗೋಡೇನ ತಪ್ಪು ಅಳೀತೀಯಾ? ನನ್ನ ಗುಡ್ಡ ಹತ್ತಿಸೋಕೆ ಈಗ ಸುಳ್ಳು ಕಟ್ತಿದೀಯ. ಅದೂ ನಿನಗೆ ನೆಟ್ಟಗೆ ಬರಲ್ಲ."

ಅವನು ನನ್ನನ್ನು ಸಾಕ್ಷಿಗೆ ಎಳೆದುತಂದ. ನಾನು ಆಣೆ ಮಾಡಿ ಹೇಳಿದೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಗೋಪುರ ಸರೀತು ಅಂದೋರು ನೀವೇ ಅಲ್ವಾ?"

ಇಲ್ಲಿಂದ ಮುಂದಿನದಕ್ಕೆ ನಾನು ಒಂದು ಎಳೆಯನ್ನೂ ಸೇರಿಸುವುದಿಲ್ಲ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ಇಂಚಣ್ಣ ಹಲಗೆ ತರಲು ಪೇಟೆಗೆ ಹೋಗಿದ್ದಾಗ, ಕಡಲು ಗೋಡೆ ಹಾರಿ ಬಂತು. ದೋಣಿಯವನು ಬಾಗಿಲು ಬಡಿದು ಕರೆದ. ಗೋಡೆ ಇದೆ, ನೀನು ಹೋಗಪ್ಪ ಎಂದಳಂತೆ ಅಕ್ಕ. ಒಳಗೆ ಬಂದ ನೀರು, ಗೋಡೆ ಇದ್ದದ್ದರಿಂದಲೇ ವಾಪಸು ಹೋಗಲಿಲ್ಲ. ಅದು ಇಳಿದ ಮೇಲೆ ಅಕ್ಕ ಮಂಚದ ಕೆಳಗೆ ಸಿಕ್ಕಳು.

ಕಚೇರಿಯ ಮಹಡಿಯಲ್ಲಿದ್ದ ಮಾದರಿಗೆ ಒಂದು ಹನಿಯೂ ತಾಗಿರಲಿಲ್ಲ. ಉಳಿದ ಸಾಲಕ್ಕಾಗಿ ಬ್ಯಾಂಕಿನವರು ಮತ್ತೆ ಬರುತ್ತಾರೆ, ಬಣ್ಣ ಬಳಿದುಕೊಡು ಎಂದು ಕರೆ ಬಂತು. ಇಂಚಣ್ಣ ಹೋಗಲಿಲ್ಲ.

ಈಗ ಗುಡ್ಡದ ಮೇಲಿನ ಮನೆಯಲ್ಲಿ ಸ್ಟೂಲು ಮಾಡಿ ಮಾರುತ್ತಾನೆ. ತಾನು ಮಾಡಿದ್ದನ್ನು ಯಾರಾದರೂ ಅಲ್ಲಾಡಿಸಿ ನೋಡಿದರೆ ಮೊದಲೆಲ್ಲ ಉರಿದುಬೀಳುತ್ತಿದ್ದ. ಮೊನ್ನೆ ನಾನು ಕೂರಲು ಹೋದಾಗ ಅವನೇ ತಡೆದ.

"ಅಲ್ಲಾಡಿಸಿ ನೋಡಿ. ಆಮೇಲೆ ಕೂತ್ಕೊಳ್ಳಿ."